ಹನ್ನೆರಡಕ್ಕೆ ತಿರುಗಿದ ಬಾಣ

ಕಾರು ಓಡಿಸುವುದನ್ನು ಕಲಿಸುವುದೇ ನನ್ನ ಕೆಲಸ. ಎಡಕ್ಕೆ ಅಂದರೆ ಬಲಕ್ಕೆ ತಿರುಗಿಸುವವರು, ಹಸಿರು ದೀಪ ಕಂಡ ಕೂಡಲೇ ಗಕ್ಕನೆ ನಿಲ್ಲುವವರು, ಎದುರಿಗೆ ಲಾರಿ ಬಂದರೆ ಸ್ಟೇರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಳ್ಳುವವರು, ಎಲ್ಲ ನಮೂನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಬದುಕಿ ಬಂದಿದ್ದೇನೆ. ಆದರೆ ನನ್ನ ಸ್ವಂತ ತಮ್ಮ ತಿಂದಷ್ಟು ತಲೆಯನ್ನು ಅವರು ಯಾರೂ ತಿಂದಿಲ್ಲ. ಆವತ್ತಿನ ರಾತ್ರಿಯನ್ನು ನೆನೆದರೆ ಯಾವುದು ಹಿಂದೆ, ಯಾವುದು ಮುಂದೆ ಅಂತ ನನಗೆ ಈಗಲೂ ಪೂರ್ತಿ ಬಗೆಹರಿದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ತಮ್ಮ ಇರುವುದು ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ. ಕಟ್ಟುಹಲ್ಲು ಮಾಡುವ ಕೆಲಸ ಅವನದು. ಔಷಧದ ಅಂಗಡಿಯ ಮೇಲೆ ಪುಟ್ಟದೊಂದು ಲ್ಯಾಬು ಇಟ್ಟುಕೊಂಡಿದ್ದಾನೆ. ದಂತವೈದ್ಯರು ಕಳಿಸಿದ ಅಚ್ಚುಗಳಿಗೆ ಪ್ಲಾಸ್ಟರಿನ ಬಿಳಿ ಹಿಟ್ಟು ಕಲಸಿ ಸುರಿಯುತ್ತಾನೆ, ಮೇಣದಲ್ಲಿ ಒಸಡು ತಿದ್ದುತ್ತಾನೆ, ಒಂದೊಂದೇ ಹಲ್ಲು ಕೂರಿಸಿ ಉಜ್ಜುತ್ತಾನೆ. ಹುಬ್ಬಿನಲ್ಲಿ ಸದಾ ಆ ಹಿಟ್ಟು. ಊರಿನವರ ಬಾಯಿಗೆಲ್ಲ ಹಲ್ಲು ಕೊಡುವವನು ತನ್ನ ಬಾಯಿ ಮಾತ್ರ ತೆಗೆಯುವುದಿಲ್ಲ. ಮೊದಲೇ ಮೂಗಪ್ಪ, ಹೆಂಡತಿ ಬಿಟ್ಟು ಹೋದ ಮೇಲಂತೂ ಬಾಯಿಗೆ ಪೂರಾ ಬೀಗ ಬಿತ್ತು. ಊಟವಾಯಿತಾ ಅಂದರೆ ಹೂಂ, ಜ್ವರವಾ ಅಂದರೆ ಊಹೂಂ. ಆರು ವರ್ಷ ಹೀಗೇ. ಮೇಲೆ ನಲ್ಲಿಯ ಸದ್ದು ಕೇಳಿದರೆ, ಸರಿ, ಎದ್ದಿದ್ದಾನೆ ಅಂದುಕೊಳ್ಳುತ್ತಿದ್ದೆ. ಎತ್ತಿ ಆಡಿಸಿದ ತಮ್ಮ ಕಣ್ಣೆದುರೇ ಹಾಗೆ ಒಣಗುವುದನ್ನು ನೋಡುವ ಸಂಕಟ ಯಾವ ಅಕ್ಕನಿಗೂ ಬೇಡ.

ಹೋದ ವರ್ಷ ಇದ್ದಕ್ಕಿದ್ದ ಹಾಗೆ ಅವನಿಗೆ ಬಿಂದುವಿನ ಹುಚ್ಚು ಹಿಡಿಯಿತು. ಬಿಂದು ಅಂದರೆ ಹುಡುಗಿಯಲ್ಲ. ಆಗಿದ್ದಿದ್ದರೆ ನಾನೇ ನಿಂತು ಮದುವೆ ಮಾಡಿಸುತ್ತಿದ್ದೆ. ಎಲ್ಲೋ ದೂರದ ಷೇರುಪೇಟೆ ತೆರೆದಾಗಿನ ಅಂಕಿ, ಅದರ ಜೊತೆ ಆ ದಿನದ ತಾರೀಖು, ಎರಡನ್ನೂ ಕಂಪ್ಯೂಟರಿಗೆ ಹಾಕಿ ರುಬ್ಬಿದರೆ ನೆಲದ ಮೇಲೆ ಒಂದು ಜಾಗ ಬರುತ್ತದಂತೆ. ನಮ್ಮ ಸುತ್ತಲ ಸೀಮೆಗೆ ದಿನಕ್ಕೊಂದು ಜಾಗ. ಅದು ಯಾರದೋ ಹೊಲವಾಗಿರಬಹುದು, ಚರಂಡಿಯಾಗಿರಬಹುದು, ಹೇಳುವವರಿಲ್ಲ ಕೇಳುವವರಿಲ್ಲ. ಆ ದಿನ ಮುಗಿಯುವುದರೊಳಗೆ ಅಲ್ಲಿಗೆ ಹೋಗಿ ಮುಟ್ಟುವುದೇ ಆಟ. ಈ ಹುಚ್ಚಿನವರು ಲೋಕದ ತುಂಬ ಇದ್ದಾರಂತೆ.

"ಹೋಗಿ ಏನ್ ಮಾಡ್ತೀಯೋ?" ಅಂತ ಕೇಳಿದೆ.

"ನಿಂತ್ಕೋತೀನಿ."

"ಆಮೇಲೆ?"

"ವಾಪಸ್ ಬರ್ತೀನಿ."

ಇನ್ನೇನು ಕೇಳಲಿ? ಹೋಗಲಿ, ಮನೆಯಿಂದ ಹೊರಗಾದರೂ ಬೀಳುತ್ತಿದ್ದಾನಲ್ಲ ಅಂತ ಸುಮ್ಮನಾದೆ.

ಒಂದು ಗುರುವಾರ ರಾತ್ರಿ ಬಂದವನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಯಾರೂ ಕೇಳದೆಯೇ, "ಅಕ್ಕ, ಇವತ್ತು ಬಿಂದು ಹತ್ರ ಇನ್ನೊಬ್ರು ಇದ್ರು" ಅಂದ. ತೊಳೆಯುತ್ತಿದ್ದ ಪಾತ್ರೆ ಕೈಯಲ್ಲೇ ಉಳಿಯಿತು. ಯಾರೋ ಹೆಂಗಸಂತೆ. ಇವನ ಹಾಗೇ ಹುಚ್ಚು. ಒಂಬತ್ತಕ್ಕೆ ಕೆಲಸ ಮುಗಿಸಿ ಸ್ಕೂಟರಿನಲ್ಲಿ ಬರುತ್ತಾರಂತೆ, ತುಂಬ ನಗುತ್ತಾರಂತೆ. ಅಲ್ಲಿಂದ ಪ್ರತಿ ಗುರುವಾರ ಇಬ್ಬರೂ ಬಿಂದುವಿಗೆ. ಆಮೇಲೆ ನಮ್ಮ ಮನೆಯಲ್ಲಿ "ಅವರು" ಶುರುವಾದರು. ಅವರು ಹೀಗಂದ್ರು, ಅವರು ಕೆಸರಲ್ಲಿ ಜಾರಿದ್ರು, ಅವರು ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ನಡೆದ್ರು. ಅನ್ನ ಎರಡನೇ ಸಲ ಹಾಕಿಸಿಕೊಳ್ಳತೊಡಗಿದ. ಮಹಡಿಯಲ್ಲಿ ಸಿಳ್ಳೆ ಕೇಳಿತು. ನಾನು ಕಿವಿಯನ್ನೇ ನಂಬಲಿಲ್ಲ.

"ಹೆಸರೇನೋ ಅವರದು?"

"ಗೊತ್ತಿಲ್ಲ."

"ಫೋನ್ ನಂಬರು?"

"ಇಲ್ಲ."

ಮೊದಲ ದಿನವೇ ಅವರು ಒಂದು ಕಟ್ಟಳೆ ಹಾಕಿದರಂತೆ: ಹೆಸರು ಬೇಡ, ನಂಬರು ಬೇಡ, ಮನೆ ಯಾವುದು ಕೆಲಸ ಎಲ್ಲಿ ಅಂತ ಕೇಳುವುದೂ ಬೇಡ, ಬಿಂದು ಕರೆದರೆ ಬರೋಣ, ಮೊದಲು ಬಂದವರು ಅಲ್ಲಿ ಮೂರು ಕಲ್ಲು ಪೇರಿಸಿಡೋಣ, ಅಷ್ಟೇ. ನಮ್ಮ ಪುಣ್ಯಾತ್ಮ ಅದಕ್ಕೂ ಹೂಂ ಅಂದು, ಒಂದು ವರ್ಷ ಹಾಗೇ ತಳ್ಳಿದ.

ನಾನು ಮೊದಲು ಹೇಳಿದ ಆ ರಾತ್ರಿಯೂ ಗುರುವಾರವೇ, ಹತ್ತು ದಾಟಿತ್ತು. ದಿನವಿಡೀ ಪೆಡಲು ತುಳಿದ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟುಕೊಂಡು ಕೂತಿದ್ದೆ. ತಮ್ಮ ಮೆಟ್ಟಿಲು ಇಳಿದು ಬಂದ. ತಲೆ ಬಾಚಿದ್ದ. ಹುಬ್ಬಿನ ಹಿಟ್ಟೂ ತೊಳೆದಿದ್ದ.

"ಅಕ್ಕ, ಸ್ಕೂಟರ್ ಸ್ಟಾರ್ಟ್ ಆಗ್ತಿಲ್ಲ. ಕಾರು ತೆಗೀತೀಯಾ?"

"ಈಗಲಾ? ತಲೆ ನೆಟ್ಟಗಿದೆಯೇನೋ? ಮುಂದಿನ ವಾರ ಹೋಗು."

"ಮುಂದಿನ ವಾರ ಅವರು ಇರಲ್ಲ. ಬೇರೆ ಊರಿಗೆ ವರ್ಗ ಆಗಿದೆ. ನಾಳೆ ಬೆಳಗ್ಗೆ ಹೊರಡ್ತಾರೆ."

"ಯಾವ ಊರಿಗೆ?"

"ಕೇಳಿಲ್ಲ."

"ಬಸ್ಸೋ, ರೈಲೋ?"

"ಕೇಳಿಲ್ಲ."

"ಹೋಗ್ತೀನಿ ಅಂದಾಗ ನೀನೇನಂದೆ?"

"ಹೂಂ ಅಂದೆ."

ನನಗೆ ಪಿತ್ತ ನೆತ್ತಿಗೇರಿತು. ಬಕೆಟ್ಟಿನ ನೀರನ್ನೇ ಅವನ ತಲೆಯ ಮೇಲೆ ಸುರಿಯೋಣ ಅನ್ನಿಸಿತು. ಅಷ್ಟರಲ್ಲಿ ಅವನು ನೆಲ ನೋಡಿಕೊಂಡು, "ಇವತ್ತು ಕೇಳ್ಬೇಕು ಅಕ್ಕ. ಹೆಸರು ಕೇಳ್ಬೇಕು. ನನಗೆ ಅವರು ಬೇಕು" ಅಂದ.

ಬೇಕು ಅಂದ! ಆರು ವರ್ಷದಲ್ಲಿ ಉಪ್ಪು ಬೇಕು ಅಂತಲೂ ಕೇಳಿದವನಲ್ಲ. ಒದ್ದೆ ಕಾಲಿಗೇ ಚಪ್ಪಲಿ ತೂರಿಸಿ ಕಾರಿನ ಕೀ ತೆಗೆದುಕೊಂಡೆ. ನನ್ನ ಫೋನು ಚಾರ್ಜಿಗೆ ಹಾಕಿದ್ದು ಗೋಡೆಯಲ್ಲೇ ಉಳಿಯಿತು.

ನಮ್ಮದು ಕಲಿಸುವ ಕಾರು. ನೆತ್ತಿಯ ಮೇಲೆ ಹಳದಿ ಫಲಕ, ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು. ಯಾವತ್ತೂ ಆ ಸೀಟಿನಲ್ಲಿ ಕೂರುವವಳು ನಾನು. ಆವತ್ತು ತಮ್ಮ ಕೂತ. ಊರು ದಾಟುವುದರೊಳಗೆ ಗೊತ್ತಾಯಿತು, ಹೆದರಿದಾಗೆಲ್ಲ ಇವನ ಕಾಲು ತಾನಾಗಿಯೇ ಆ ಬ್ರೇಕನ್ನು ಒತ್ತುತ್ತದೆ ಅಂತ. ತಿರುವು ಬಂದರೆ ಧಡಕ್, ನಾಯಿ ಬೊಗಳಿದರೆ ಧಡಕ್. "ಅವರು ಬಂದಿರ್ತಾರಾ ಅಕ್ಕ?" ಅಂತ ಕೇಳಿ, ಕೇಳಿದ್ದಕ್ಕೇ ಹೆದರಿ ಧಡಕ್. ನನ್ನ ಹಣೆ ಎರಡು ಸಲ ಸ್ಟೇರಿಂಗಿಗೆ ಬಡಿಯಿತು. ಕಾಲು ಮಡಚಿ ಸೀಟಿನ ಮೇಲಿಟ್ಟುಕೊಂಡು ಕೂರು ಅಂತ ಕಿರುಚಿದೆ.

ದಾರಿ ತೋರಿಸುತ್ತಿದ್ದದ್ದು ಅವನ ಫೋನು. ಅದರ ಕಥೆಯೇ ಬೇರೆ. ಹಿಂದಿನ ತಿಂಗಳು ಅದು ಹಿಟ್ಟು ಕಲಸುವ ಬೋಗುಣಿಗೆ ಬಿದ್ದು ಕರೆ ಮಾಡುವುದನ್ನೂ ಮರೆತಿತ್ತು. ಪರದೆಯಲ್ಲಿ ಒಂದು ಬಾಣ ಮಾತ್ರ ಕಾಣುತ್ತಿತ್ತು, ಮಿಕ್ಕದ್ದೆಲ್ಲ ಬೆಳ್ಳಗೆ. ಎಷ್ಟು ದೂರ, ಯಾವ ತಾರೀಖು, ಗಂಟೆ ಎಷ್ಟು, ಒಂದೂ ಇಲ್ಲ. ಬಾಣ ಯಾವ ಕಡೆಗೋ ನಾವು ಆ ಕಡೆಗೆ. ಇಟ್ಟಿಗೆ ಭಟ್ಟಿ ದಾಟಿ ಮಣ್ಣಿನ ದಾರಿ ಹಿಡಿದು, ಒಂದು ಪಂಪ್‌ಹೌಸಿನ ಹತ್ತಿರ ದಾರಿ ಮುಗಿಯಿತು. ಕಾರಿನ ಗಡಿಯಾರ ನೋಡಿ ತಮ್ಮ ಉಸಿರು ಬಿಟ್ಟ. "ಹನ್ನೆರಡಕ್ಕೆ ಇನ್ನೂ ಇಪ್ಪತ್ತು ನಿಮಿಷ ಇದೆ. ಸಾಕು" ಅಂದ.

ಟಾರ್ಚು ಹಿಡಿದು ಹೊಲಕ್ಕೆ ಇಳಿದೆವು. ಉತ್ತು ನೀರು ಬಿಟ್ಟಿದ್ದ ಹೊಲ. ಹೆಜ್ಜೆಗೆ ಒಂದು ಸೇರು ಮಣ್ಣು ಚಪ್ಪಲಿಗೆ ಮೆತ್ತುತ್ತಿತ್ತು. ಬಾಣ ನೆಟ್ಟಗೆ ಮುಂದಕ್ಕೆ ತೋರಿಸುತ್ತಿತ್ತು. ಮುಂದೆ ಆಳೆತ್ತರದ ಜೋಳ ಕಪ್ಪಗೆ ನಿಂತಿತ್ತು. ಇನ್ನೇನು ಜೋಳದ ಒಳಗೆ ನುಗ್ಗಬೇಕು, ಬಾಣ ಸರ್ರನೆ ತಿರುಗಿ ನಮ್ಮ ಬೆನ್ನ ಹಿಂದಕ್ಕೆ ತೋರಿಸಿತು.

ತಮ್ಮ ನಿಂತ. "ದಾಟಿಬಿಟ್ವಿ ಅಕ್ಕ. ಹಿಂದೆ ಉಳೀತು."

"ಹಿಂದೆ ಏನೂ ಇರಲಿಲ್ವಲ್ಲೋ? ಬರೀ ಕೆಸರು."

"ಕತ್ತಲಲ್ಲಿ ಕಾಣಲಿಲ್ಲ ಅನ್ಸುತ್ತೆ."

ಹಿಂದಕ್ಕೆ ತಿರುಗಿದೆವು. ಬಾಣ ಈಗ ನೆಟ್ಟಗೆ ಆ ಕಡೆಗೇ. ನಡೆದೆವು, ನಡೆದೆವು, ಇವನು "ಇಲ್ಲೇ, ಇಲ್ಲೇ" ಅನ್ನುತ್ತಲೇ ಇದ್ದ, ಕೊನೆಗೆ ಯಾವುದೋ ಗಟ್ಟಿ ವಸ್ತುವಿಗೆ ನನ್ನ ಮೊಣಕಾಲು ಬಡಿಯಿತು. ನೋಡಿದರೆ ನಮ್ಮದೇ ಕಾರು. ಬಾಣ ಕಾರನ್ನೇ ತೋರಿಸುತ್ತಿತ್ತು. ಕಾರಿನ ಆ ಮಗ್ಗುಲಿಗೆ ಹೋಗಿ ನೋಡಿದೆವು. ಈಗ ಬಾಣ ಕಾರಿಗೆ ಬೆನ್ನು ಹಾಕಿ ನಾವು ಬಂದ ರಸ್ತೆಯ ಕಡೆ ತೋರಿಸಿತು.

"ಏನೋ ಇದು? ನಿನ್ನ ಬಿಂದುವನ್ನ ಮನೆಯಿಂದಲೇ ಡಿಕ್ಕಿಯಲ್ಲಿ ಹಾಕ್ಕೊಂಡು ಬಂದ್ವಾ?"

ಅವನು ಕಕ್ಕಾಬಿಕ್ಕಿಯಾಗಿ ಬಾಗಿಲು ತೆಗೆದು ಗಡಿಯಾರ ನೋಡಿದ. "ಹನ್ನೆರಡಾಗೋಕೆ ಇನ್ನೂ ಎರಡು ನಿಮಿಷ ಇದೆ" ಅಂದ.

ಆಗ ನನಗೆ ನೆನಪಾಯಿತು. ಆ ಗಡಿಯಾರವನ್ನು ನಾನು ಯಾವಾಗಲೂ ಕಾಲು ಗಂಟೆ ಹಿಂದಿಟ್ಟಿರುತ್ತೇನೆ. ಕಲಿಯುವವರು ಹೊತ್ತಾಯಿತು, ಕ್ಲಾಸು ಮುಗಿಯಿತು ಅಂತ ಕೊನೆಯಲ್ಲಿ ಅವಸರ ಮಾಡಿ ಎಲ್ಲಾದರೂ ಗುದ್ದುತ್ತಾರೆ. ಅದಕ್ಕೆ ನಾನು ಮಾಡಿಕೊಂಡ ಉಪಾಯ. ನನಗೆ ಅದು ಎಷ್ಟು ರೂಢಿಯೆಂದರೆ ಇವನಿಗೆ ಹೇಳಬೇಕು ಅಂತಲೇ ಹೊಳೆದಿರಲಿಲ್ಲ.

"ಅದು ಹಿಂದಿದೆ ಕಣೋ" ಅಂದೆ.

ತಮ್ಮ ಫೋನು ನೋಡಿದ, ಹೊಲ ನೋಡಿದ, ಹಾಗೇ ಕೆಸರಿನಲ್ಲಿ ಕುಕ್ಕರಿಸಿದ. ಆಮೇಲೆ ಒಂದೊಂದೇ ಮಾತು ಹೊರಬಂತು. ಹನ್ನೆರಡು ಹೊಡೆದರೆ ತಾರೀಖು ಬದಲಾಗುತ್ತದೆ. ತಾರೀಖು ಬದಲಾದರೆ ಬಿಂದು ಬದಲಾಗುತ್ತದೆ. ಫೋನು ಯಾರನ್ನೂ ಕೇಳದೆ ಹೊಸ ದಿನದ ಬಿಂದುವಿನ ಕಡೆ ಬಾಣ ತಿರುಗಿಸುತ್ತದೆ. ನಾವು ದಾಟಿರಲಿಲ್ಲ, ಮುಟ್ಟಲು ನಾಲ್ಕು ಹೆಜ್ಜೆ ಇರುವಾಗ ಬೆನ್ನು ತಿರುಗಿಸಿ ಬಂದಿದ್ದೆವು. ಅವರು ಆ ಜೋಳದ ಆಚೆಗೆ ಕಾಯುತ್ತಿದ್ದರೋ ಏನೋ.

"ಏಳೋ ಮೇಲೆ. ಓಡು ಅಲ್ಲಿಗೆ."

"ಬಿಂದು ಸತ್ತುಹೋಯ್ತು ಅಕ್ಕ. ಹನ್ನೆರಡಾದ ಮೇಲೆ ಅಲ್ಲಿ ನಿಲ್ಲೋ ಹಾಗಿಲ್ಲ. ಅವರು ನಿಯಮ ಮೀರಲ್ಲ."

"ನಿಯಮದ ಮನೆ ಹಾಳಾಗ! ಒಂದು ವರ್ಷದಿಂದ ಬರ್ತಿರೋ ಹೆಂಗಸು ಹನ್ನೆರಡು ಹೊಡೀತು ಅಂತ ಸೀರೆ ಕೊಡವಿಕೊಂಡು ಎದ್ದು ಹೋಗ್ತಾಳಾ? ಕಾಯ್ತಿರ್ತಾಳೆ. ನಾನು ಹೇಳ್ತೀನಿ ಕೇಳು."

"ಅವರು ಸೀರೆ ಉಡಲ್ಲ" ಅಂದ. ಅಂಥ ಹೊತ್ತಿನಲ್ಲೂ!

ರೆಟ್ಟೆ ಹಿಡಿದು ಎಬ್ಬಿಸಿದೆ. ಈಗ ಬಾಣದಿಂದ ಉಪಯೋಗವಿರಲಿಲ್ಲ. ಕೆಸರಿನಲ್ಲಿ ನಮ್ಮದೇ ಹೆಜ್ಜೆ ಗುರುತು ಹಿಡಿದು ಹೋದೆವು. ಜೋಳದ ಹತ್ತಿರ, ಹೆಜ್ಜೆಗಳು ತಿರುಗಿದ್ದ ಕಡೆ, ತಿರುಗದೆ ಹಾಗೇ ನೇರಕ್ಕೆ ನುಗ್ಗಿದೆವು. ಗರಿಗಳು ಮುಖ ಗೀರಿದವು. ಆಚೆ ಹೊರಬಿದ್ದರೆ ಒಂದು ಬದು, ಬದುವಿನ ಪಕ್ಕ ಗಾಡಿ ದಾರಿ. ಯಾರೂ ಇರಲಿಲ್ಲ. ಟಾರ್ಚಿನ ಬೆಳಕಿನಲ್ಲಿ ಮೂರು ಕಲ್ಲು, ಒಂದರ ಮೇಲೊಂದು.

ತಮ್ಮ ಬಗ್ಗಿ ಮೇಲಿನ ಕಲ್ಲನ್ನು ಮುಟ್ಟಿ ನೋಡಿದ. ಅಳಲೂ ಇಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನನ್ನ ಮೇಲೇ ನನಗೆ ಸಿಟ್ಟು ಬಂದು, ಕಾಲು ಅಪ್ಪಳಿಸಿಕೊಂಡು ಬದು ಹತ್ತಿದವಳು ಯಾವುದೋ ಕಲ್ಲಿಗೆ ಎಡವಿ ಮಕಾಡೆ ಬಿದ್ದೆ.

"ಇದ್ಯಾವಳು ಇಲ್ಲಿ ಕಲ್ಲು ಇಟ್ಟೋಳು!" ಅಂತ ಕಿರುಚಿದೆ.

ತಮ್ಮ ಟಾರ್ಚು ಹಾಕಿದ. ಒಂದೇ ಕಲ್ಲಲ್ಲ. ಮೂರು ಕಲ್ಲಿನ ಗುಪ್ಪೆಯಿಂದ ಶುರುವಾಗಿ ಸಣ್ಣ ಕಲ್ಲುಗಳ ಸಾಲು, ಯಾರೋ ಕೂತು ಒಂದೊಂದೇ ಇಟ್ಟ ಹಾಗೆ, ಬದು ಹತ್ತಿ, ನಾವು ಬಂದ ಜೋಳದ ಕಡೆಗೇ ನೇರ ಹೋಗಿತ್ತು. ತಮ್ಮ ಫೋನನ್ನು ಆ ಸಾಲಿನ ಪಕ್ಕ ನೆಲದ ಮೇಲಿಟ್ಟ. ಬಾಣ ಆ ಸಾಲು ಹೋಗಿದ್ದ ಕಡೆಗೇ ತೋರಿಸುತ್ತಿತ್ತು.

"ಅಕ್ಕ" ಅಂದ. "ಹೊಸ ಬಿಂದುವಿಗೆ ಹೋಗಿದ್ದಾರೆ. ಬಾ ಅಂತಿದ್ದಾರೆ."

ಅಲ್ಲಿಂದ ಮುಂದಿನದನ್ನು ಹೇಗೆ ಹೇಳಲಿ? ಎಷ್ಟು ದೂರ? ಗೊತ್ತಿಲ್ಲ. ಯಾವ ಊರು? ಗೊತ್ತಿಲ್ಲ. ಕತ್ತಲಲ್ಲಿ ಒಂದು ಬಾಣ, ಅದರ ಹಿಂದೆ ನಾವು. ಬಾಣಕ್ಕೇನು, ನೆಟ್ಟಗೆ ತೋರಿಸಿಬಿಡುತ್ತದೆ, ರಸ್ತೆಗಳು ನೆಟ್ಟಗಿರಬೇಕಲ್ಲ? ಒಂದು ರಸ್ತೆ ಕಲ್ಲು ಕ್ವಾರಿಯ ಬಾಯಿಗೆ ಹೋಗಿ ನಿಂತಿತು. ಇನ್ನೊಂದು ಯಾರದೋ ಮನೆಯಂಗಳದಲ್ಲಿ ಮುಗಿದು, ಆ ಮನೆಯಾತ ಲುಂಗಿ ಕಟ್ಟಿಕೊಳ್ಳುತ್ತಾ ಹೊರಗೆ ಬಂದು ಹಳದಿ ಫಲಕ ನೋಡಿ, "ಇಷ್ಟೊತ್ತಲ್ಲಿ ಏನಮ್ಮ ಕಲಿಸ್ತಿದ್ದೀರಿ?" ಅಂದ. ಒಂದೇ ಸೇತುವೆಯನ್ನು ಮೂರು ಸಲ ದಾಟಿದೆವು. ಮೂರನೇ ಸಲ ಅದು ಬೇರೆ ಸೇತುವೆ ಅಂತ ತಮ್ಮ ವಾದಿಸಿದ. ಇರಬಹುದೇನೋ, ನನಗೇನು ಗೊತ್ತು? ಎಡ ಬಲ ಕಲಿಸಿ ಅನ್ನ ತಿನ್ನುವ ನನಗೆ ಎಡ ಯಾವುದು ಬಲ ಯಾವುದು ತಿಳಿಯದೆ ಹೋಯಿತು. ಇವನ ಕಾಲು ಮತ್ತೆ ಕೆಳಗಿಳಿದಿತ್ತು. ಕವಲು ಬಂದಾಗೆಲ್ಲ ಧಡಕ್, ಧಡಕ್.

"ಲೋ, ಹೋಗೋಕೆ ಹೊರಟಿದ್ದೀಯೋ, ನಿಲ್ಲೋಕೆ ಹೊರಟಿದ್ದೀಯೋ? ಒಂದು ತೀರ್ಮಾನ ಮಾಡು!"

"ಹೆದರಿಕೆ ಆಗುತ್ತೆ ಅಕ್ಕ. ಅಲ್ಲಿ ಅವರು ಇರದೇ ಹೋದ್ರೆ?"

ಗೇರು ಬದಲಾಯಿಸಿದೆ.

ಬೆಳಕು ಹರಿಯುವ ಮುಂಚಿನ ಬೂದು ಹೊತ್ತಿನಲ್ಲಿ ದಾರಿ ಒಂದು ಏರಿಯ ಮೇಲೆ ಹತ್ತಿ ಮುಗಿದುಹೋಯಿತು. ಇಳಿದು ನೋಡಿದರೆ ಕೆರೆ. ಕಣ್ಣಿಗೆ ನಿಲುಕುವಷ್ಟೂ ನೀರು. ತಮ್ಮ ಅಂಚಿನವರೆಗೂ ಹೋಗಿ ಫೋನು ಹಿಡಿದ. ಬಾಣ ನೀರಿನ ನಡುವಿಗೆ ತೋರಿಸುತ್ತಿತ್ತು.

ನಾನು ಕಾರಿನ ಬಾನೆಟ್ಟಿಗೆ ಒರಗಿದೆ. ಇಷ್ಟೆಲ್ಲ ಒದ್ದಾಡಿ ಬಂದದ್ದು ಇದಕ್ಕಾ? ಷೇರುಪೇಟೆಗೆ ನೆಲವೇ ಸಿಗಲಿಲ್ಲವಾ? ಬಾಯಿಗೆ ಬಂದದ್ದೆಲ್ಲ ಬೈದೆ. ಕೆರೆಯನ್ನು ಬೈದೆ, ಹಿಟ್ಟಿನ ಬೋಗುಣಿಯನ್ನು ಬೈದೆ, ಕೊನೆಗೆ ಆ ಹಾಳು ಗಡಿಯಾರವನ್ನು ಬೈಯುವಾಗ ಅಳು ಬಂದುಬಿಟ್ಟಿತು.

"ಅಕ್ಕ, ಸುಮ್ನಿರು" ಅಂದ ತಮ್ಮ. "ಅಲ್ಲಿ ನೋಡು."

ಆಚೆ ದಡದಲ್ಲಿ ಒಂದು ದೀಪ. ಸ್ಕೂಟರಿನ ದೀಪದ ಹಾಗೆ, ಒಂಟಿ. ಅದರ ಪಕ್ಕ ಕಡ್ಡಿಯಷ್ಟು ಸಣ್ಣಗೆ ಒಂದು ಆಕಾರ ನಿಂತಿತ್ತು. ಅವರಿಗೂ ನೀರಿನಲ್ಲಿ ದಾರಿ ಇರಲಿಲ್ಲ. ಬಂದವರು ಬಂದ ಕಡೆಯೇ ನಿಂತಿದ್ದರು. ನಾನು ಓಡಿಹೋಗಿ ಹಾರ್ನ್ ಒತ್ತಿದೆ, ದೀಪ ಹಾಕಿ ಆರಿಸಿದೆ. ಅವರಿಗೆ ಅದು ಯಾವುದೋ ಕಾರು, ಯಾವುದೋ ಹಾರ್ನು. ಇವನು ಸ್ಕೂಟರಿನಲ್ಲಿ ಬರುವವನು ಅಂತಲೇ ಅವರು ಅಂದುಕೊಂಡಿರಬೇಕು. ಆ ಆಕಾರ ಬಗ್ಗಿತು, ಎದ್ದಿತು. ದೀಪ ಮೆಲ್ಲಗೆ ಪಕ್ಕಕ್ಕೆ ತಿರುಗತೊಡಗಿತು.

"ಹೊರಟರು ಕಣೋ! ಕೂಗೋ! ಕೂಗು!"

"ಏನಂತ ಕೂಗ್ಲಿ ಅಕ್ಕ? ಹೆಸರೇ ಗೊತ್ತಿಲ್ವಲ್ಲ!"

ಅವನ ಮುಖ ನೋಡಿದೆ. ಆ ಮುಖವನ್ನು ನಾನು ಬದುಕಿರುವವರೆಗೂ ಮರೆಯಲಾರೆ. ಒಂದು ವರ್ಷ ಪ್ರತಿ ವಾರ ಭೇಟಿಯಾದ ಜೀವ ಕಣ್ಣೆದುರೇ ಹೋಗುತ್ತಿದೆ, ಕರೆಯಲು ಇವನ ಬಾಯಲ್ಲಿ ಒಂದು ಹೆಸರಿಲ್ಲ. ಬೆನ್ನಿಗೆ ಒಂದು ಗುದ್ದು ಹಾಕಿದೆ.

"ಅವರದು ಗೊತ್ತಿಲ್ದೆ ಇದ್ರೆ ನಿನ್ನದಾದ್ರೂ ಕೂಗೋ ಮೂಗಪ್ಪ!"

ತಮ್ಮ ನೀರಿಗೆ ಇಳಿದ. ಮೊಣಕಾಲು ಮುಳುಗುವವರೆಗೂ ಹೋದ. ಎರಡು ಕೈ ಬಾಯಿಗೆ ಅಡ್ಡ ಇಟ್ಟುಕೊಂಡು ತನ್ನ ಹೆಸರನ್ನು ಕೂಗಿದ. ಮನೆಯಲ್ಲಿ ಕರೆಯುವುದಲ್ಲ, ಅಪ್ಪ ಶಾಲೆಗೆ ಸೇರಿಸುವಾಗ ಬರೆಸಿದ ಪೂರ್ತಿ ಹೆಸರು. ಅಂಥ ದನಿ ಇವನೊಳಗೆ ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ಗಾಳಿ ಇರಲಿಲ್ಲ, ಆ ಹೆಸರು ನೀರಿನ ಮೇಲೆ ಆಚೆ ದಡದವರೆಗೂ ಹೋಯಿತು. ಎರಡನೇ ಸಲ ಕೂಗಿದ. ಮೂರನೇ ಸಲ ಕೂಗುವಾಗ ದನಿ ಒಡೆಯಿತು.

ಪಕ್ಕಕ್ಕೆ ತಿರುಗಿದ್ದ ದೀಪ ನಿಂತಿತು. ಆಮೇಲೆ ಮತ್ತೆ ನಮ್ಮ ಕಡೆ ತಿರುಗಿತು. ಆಚೆ ದಡದಿಂದ ಒಂದು ಹೆಣ್ಣು ದನಿ, ಸ್ಪಷ್ಟವಾಗಿ, ಒಂದು ಹೆಸರನ್ನು ಹೇಳಿತು. ಅದು ಇವನದಲ್ಲ.

ತಮ್ಮ ನೀರಿನಲ್ಲಿ ನಿಂತುಕೊಂಡೇ ಆ ಹೆಸರನ್ನು ಒಮ್ಮೆ ಮೆಲ್ಲಗೆ, ತನಗೆ ಮಾತ್ರ ಅನ್ನುವ ಹಾಗೆ ಹೇಳಿಕೊಂಡ. ಆಮೇಲೆ ಜೋರಾಗಿ ಕರೆದ. "ಅಲ್ಲೇ ಇರಿ! ಬರ್ತಿದ್ದೀನಿ!" ಅಂದ.

"ಹತ್ತೋ ಕಾರು!" ಅಂದೆ, ಮೂಗು ಒರೆಸಿಕೊಳ್ಳುತ್ತಾ.

ಕೆರೆ ಸುತ್ತುವ ದಾರಿಯನ್ನು ದಾರಿ ಅಂತ ಕರೆಯುವುದೇ ತಪ್ಪು. ಗುಂಡಿಗೆ ಬಿದ್ದು ಹಾರಿ, ಕಲ್ಲಿಗೆ ತಾಗಿ ಎಗರಿ, ಒಂದು ಕಡೆಯಂತೂ ಎರಡು ಚಕ್ರ ನೀರಿನಲ್ಲೇ ಹೋದವು. ಇಷ್ಟು ವರ್ಷ ಯಾರಿಗೂ ಕಲಿಸದ ರೀತಿಯಲ್ಲಿ ಓಡಿಸಿದೆ. ತಮ್ಮ ಪಕ್ಕದಲ್ಲಿ ಒದ್ದೆ ಕಾಲು ನೀಡಿಕೊಂಡು ಕೂತು, ಕಿಟಕಿಯ ಹೊರಗಿನ ಆ ದೀಪವನ್ನೇ ನೋಡುತ್ತಿದ್ದ. ಅವನ ಕಾಲ ಕೆಳಗಿನ ಬ್ರೇಕು ಒಂದು ಸಲವೂ ಬೀಳಲಿಲ್ಲ.